ಏಳನೇ ಮಹಡಿಯ ಕಡಲು, ಅಟ್ಟದ ಬೆಕ್ಕು

ಮಾರ್ಚ್ ೩, ಸೋಮವಾರ

ಮಾತಾಡಬಾರದು. ಪಿಸುಗುಟ್ಟಲೂಬಾರದು. ಕೆಮ್ಮು ಬಂದರೆ ನುಂಗಿಕೊಳ್ಳಬೇಕು, ನಗು ಬಂದರೆ ಬೇರೆ ಏನಾದರೂ ಯೋಚಿಸಬೇಕು. ಗಂಟಲಿನೊಳಗೆ ಬೆಳೆದಿದ್ದ ಅಕ್ಕಿಕಾಳಿನಷ್ಟು ಗಂಟನ್ನು ತೆಗೆದ ಡಾಕ್ಟರಮ್ಮ ಇವತ್ತು ಮನೆಗೆ ಕಳಿಸುವಾಗ ಹೇಳಿದ್ದು ಇದಿಷ್ಟು. ಮೂರು ವಾರ. "ಮಾತಾಡಿದ್ರೆ ಧ್ವನಿ ಹೋಗುತ್ತೆ, ಆಮೇಲೆ ನನ್ನನ್ನ ಕೇಳ್ಬೇಡಿ" ಎಂದರು. ಧ್ವನಿಯೇ ಹೋದಮೇಲೆ ಕೇಳುವುದಾದರೂ ಹೇಗೆ? ಈ ಮಾತು ನನಗೆ ಅಲ್ಲೇ ಹೊಳೆಯಿತು, ಹೇಳಲಾಗಲಿಲ್ಲ. ಹೊಳೆದದ್ದನ್ನು ಹೇಳದೆ ಮನೆವರೆಗೂ ಹೊತ್ತು ತಂದದ್ದು ನನ್ನ ಜೀವಮಾನದಲ್ಲಿ ಇದೇ ಮೊದಲು. ಆದ್ದರಿಂದ ಈ ದಿನಚರಿ. ಎಲ್ಲಾದರೂ ಒಂದು ಕಡೆ ಸುರಿಯಬೇಕಲ್ಲ.

ನಾನು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಬರುವುದು, ಹೋಗುವುದನ್ನು ಹೇಳುವವಳು. "ಪ್ರಯಾಣಿಕರ ಗಮನಕ್ಕೆ" ಎಂದರೆ ಇಡೀ ಊರಿಗೆ ನನ್ನ ಗುರುತು. ಮೈಕು ಆರಿಸಿದ ಮೇಲೆ ಉಳಿಯುವ ಉಸಿರನ್ನೆಲ್ಲ ನಾನು ಖರ್ಚು ಮಾಡುವುದು ಪುಸ್ತಕಗಳಿಗೆ. ಓದಿದ್ದರ ಬಗ್ಗೆ ನಾಲ್ಕು ಜನರಿಗೆ ಹೇಳದಿದ್ದರೆ ಉಂಡದ್ದು ಅರಗುವುದಿಲ್ಲ. ಡ್ರೈವರು, ಕಂಡಕ್ಟರು, ಚಹಾ ಕೊಡುವವನು, ಎಲ್ಲರಿಗೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡಿಸಿ ಹೇಳಿ, "ತಪ್ಪದೆ ಓದಿ" ಎನ್ನುತ್ತೇನೆ. ಇಷ್ಟು ವರ್ಷಗಳಲ್ಲಿ ಒಬ್ಬರಾದರೂ ಒಂದನ್ನಾದರೂ ಓದಿದ್ದು ಕಾಣೆ. "ಕಥೆ ಗೊತ್ತಾಯ್ತಲ್ಲ ಮೇಡಂ" ಎನ್ನುತ್ತಾರೆ. ಓದುವ ಅಭ್ಯಾಸವಿಲ್ಲದ ಜನ, ಏನು ಮಾಡುವುದು.

ಈಗ ನನ್ನ ಸಂಕಟವೆಂದರೆ, ಆಪರೇಷನ್ನಿಗೆ ಕರೆದೊಯ್ಯುವ ಸ್ವಲ್ಪ ಮುಂಚೆ ನಾನು ಮುಗಿಸಿದ್ದು ಎಂಥ ಕಾದಂಬರಿ ಅಂತೀರಿ. 'ಏಳನೇ ಮಹಡಿಯ ಕಡಲು'. ಮುಂದೆ ಯಾವುದೋ ಕಾಲದಲ್ಲಿ ಭೂಮಿ ಕಾದು, ಹಿಮ ಕರಗಿ, ಕಡಲು ಊರೊಳಗೆ ಬರುತ್ತದೆ. ಒಂದು ಏಳು ಮಹಡಿಯ ಕಟ್ಟಡ. ನೀರು ಒಂದೊಂದೇ ಮಹಡಿ ಹತ್ತುತ್ತದೆ. ಪ್ರತಿಸಲವೂ ನಿವಾಸಿಗಳ ಸಂಘ ಸಭೆ ಸೇರಿ, ಇನ್ನು ಮುಂದೆ ನೀರು ಏರುವುದಿಲ್ಲವೆಂದು ಸರ್ವಾನುಮತದಿಂದ ತೀರ್ಮಾನಿಸುತ್ತದೆ. ಮೆಟ್ಟಿಲು ಗುಡಿಸುವ ಹುಡುಗಿಯೊಬ್ಬಳು ಮಾತ್ರ ನೀರು ಬಂದಲ್ಲಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಹೋಗುತ್ತಾಳೆ. ಇದನ್ನು ನರ್ಸಮ್ಮನಿಗೆ ಹೇಳಲು ಶುರುಮಾಡಿದೆ. ಎರಡನೇ ಮಹಡಿ ಮುಳುಗುವಷ್ಟರಲ್ಲಿ ಮುಖಕ್ಕೆ ಮಾಸ್ಕ್ ಇಟ್ಟುಬಿಟ್ಟರು. ಉಳಿದ ಐದು ಮಹಡಿ ಗಂಟಲಲ್ಲೇ ಇವೆ.

ಮಾರ್ಚ್ ೪, ಮಂಗಳವಾರ

ನಮ್ಮ ಯಜಮಾನರು ನನಗೊಂದು ಸ್ಲೇಟು ತಂದುಕೊಟ್ಟರು. ಇವರು ಮನೆಯಲ್ಲೇ ಮಕ್ಕಳಿಗೆ ಗಣಿತದ ಪಾಠ ಹೇಳುವವರು, ಸ್ಲೇಟು ಸುಲಭದಲ್ಲಿ ಹೊಳೆದಿರಬೇಕು. ನೀರು, ಊಟ, ಫ್ಯಾನು, ಇಷ್ಟಕ್ಕೆ ಸ್ಲೇಟು ಸಾಕು. ಕಾದಂಬರಿಗೆ ಸಾಲದು. ಮಧ್ಯಾಹ್ನ ಕೂತು ದೊಡ್ಡ ಹಾಳೆಗಳ ಎರಡೂ ಬದಿ ತುಂಬಿಸಿ, ಕಥೆಯ ಸಾರಾಂಶ, ಅದನ್ನು ಅವರು ಓದಲೇಬೇಕಾದ ಕಾರಣಗಳು, ಲೇಖಕರು ಎಲ್ಲಿ ಇನ್ನೂ ಚೆನ್ನಾಗಿ ಬರೆಯಬಹುದಿತ್ತು ಎಂಬ ನನ್ನ ಅಭಿಪ್ರಾಯ, ಎಲ್ಲವನ್ನೂ ಬರೆದು ಕೊಟ್ಟೆ.

ಸಂಜೆ ಪಾಠ ಮುಗಿದಮೇಲೆ ಹಾಳೆಗಳು ವಾಪಸು ಬಂದವು. ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದಿದ್ದರು. ಕೊನೆಯಲ್ಲಿ "ವಿಷಯ ಸಂಕ್ಷಿಪ್ತವಾಗಿರಲಿ" ಎಂದು ಷರಾ.

ನಾನು ಕೂಗಾಡಬೇಕಾದ ಜಾಗದಲ್ಲಿ ಪಾತ್ರೆ ಸದ್ದು ಮಾಡಿದೆ. ಅದು ಇವರಿಗೆ ಅರ್ಥವಾಯಿತು.

ಮಾರ್ಚ್ ೬, ಗುರುವಾರ

ಅತ್ತೆಗೆ ಅಭಿನಯಿಸಿ ತೋರಿಸೋಣ ಎಂದುಕೊಂಡೆ. ಅತ್ತೆ ನಮ್ಮ ಜೊತೆ ಇರುವುದು ನಮ್ಮ ಮದುವೆಯಾದಾಗಿನಿಂದ. ಅವರದು ಕಡಿಮೆ ಮಾತು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿರುತ್ತಾರೆ. ಅವರ ಮುಂದೆ ನಿಂತು ಎರಡೂ ಕೈಗಳನ್ನು ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ ನಿಧಾನವಾಗಿ ಏರಿಸಿದೆ. ಕಡಲು ಏರುತ್ತಿದೆ ಎಂದು. ಕೆನ್ನೆ ಉಬ್ಬಿಸಿ, ಕಣ್ಣರಳಿಸಿ, ಮುಳುಗುವವರ ಪಾಡನ್ನೂ ಮಾಡಿದೆ. ಅತ್ತೆ ಗಾಬರಿಯಾಗಿ ಎದ್ದುಹೋಗಿ ಬಚ್ಚಲಿನಿಂದ ಬೇಸಿನ್ ತಂದು ನನ್ನ ಮುಖದ ಕೆಳಗೆ ಹಿಡಿದರು. "ಮಾಡ್ಕೋ, ಮಾಡ್ಕೋ, ತಡೀಬೇಡ" ಎಂದು ಬೆನ್ನು ಸವರಿದರು.

ನಗುವಂತಿಲ್ಲ. ಬೇಸಿನ್ ಹಿಡಿದುಕೊಂಡೇ ಕಣ್ಣಲ್ಲಿ ನೀರು ಬರುವಷ್ಟು ಬೇರೆ ಏನೇನೋ ಯೋಚಿಸಿದೆ. ಕಡೆಗೆ ಬೇರೆ ದಾರಿ ಕಾಣದೆ ಪುಸ್ತಕವನ್ನೇ ತಂದು ಅವರ ತೊಡೆಯ ಮೇಲಿಟ್ಟು ಬಂದೆ. ಅತ್ತೆ ಅದರ ಮೇಲೆ ತಟ್ಟೆ ಇಟ್ಟುಕೊಂಡು ಅಕ್ಕಿ ಆರಿಸಿದರು. ಎತ್ತರ ಅನುಕೂಲವಾಗಿತ್ತಂತೆ.

ಮಾರ್ಚ್ ೯, ಭಾನುವಾರ

ಇವತ್ತು ನಿಲ್ದಾಣಕ್ಕೆ ಹೋಗಿದ್ದೆ, ಸುಮ್ಮನೆ ನೋಡಿಬರಲು. ನಾಲ್ಕನೇ ಪ್ಲಾಟ್‌ಫಾರಂ ಹತ್ತಿರ ಬರುವಾಗಲೇ ಕೇಳಿಸಿತು. ನನ್ನ ಜಾಗದಲ್ಲಿ ಯಂತ್ರ ಮಾತಾಡುತ್ತಿದೆ. ಹೆಣ್ಣು ಧ್ವನಿ, ಮೊದಲೇ ಮಾಡಿಟ್ಟ ತುಂಡುಗಳನ್ನು ಒಂದಕ್ಕೊಂದು ಅಂಟಿಸಿದ್ದು. ಹೊರಡುವ ಬಸ್ಸಿಗೂ ಕೆಟ್ಟುನಿಂತ ಬಸ್ಸಿಗೂ ಒಂದೇ ಉತ್ಸಾಹ. ಊರಿನ ಹೆಸರು ಬಂದಾಗ ಒಂದು ಕ್ಷಣ ತಡೆದು, ಯಾರೋ ಹಿಂದಿನಿಂದ ತಳ್ಳಿದ ಹಾಗೆ ಹೇಳುತ್ತದೆ. ನಾನು ಹೇಳುವಾಗ ತಡವಾದ ಬಸ್ಸಿಗೆ ಧ್ವನಿಯಲ್ಲೇ ಕ್ಷಮೆ ಕೇಳುತ್ತಿದ್ದೆ.

ನಿಲ್ದಾಣದ ಮೇಲಧಿಕಾರಿ ನನ್ನನ್ನು ಕೂರಿಸಿ, ಚಹಾ ತರಿಸಿ, ಬಹಳ ಮರ್ಯಾದೆಯಿಂದಲೇ ಹೇಳಿದರು. ಯಂತ್ರ ಚೆನ್ನಾಗಿ ಕೆಲಸ ಮಾಡುತ್ತಿದೆ. ನಾನು ರಜೆ ಮುಗಿಸಿ ಬಂದಮೇಲೆ ವಿಚಾರಣೆ ಕಿಟಕಿಯಲ್ಲಿ ಕೂರಬೇಕು. ಜನ ಬಂದು ಕೇಳುತ್ತಾರೆ, ಉತ್ತರ ಹೇಳಬೇಕು. "ಗಂಟಲಿಗೂ ಒಳ್ಳೇದಲ್ವಾ" ಎಂದರು. ನಾನು ಅಲ್ಲೇ ಕಾಗದ ಕೇಳಿ ಪ್ರತಿಭಟನೆ ಬರೆದುಕೊಟ್ಟೆ. ಮೊದಲ ಸಾಲು ಓದಿ ಮಡಚಿ ಜೇಬಿಗೆ ಹಾಕಿಕೊಂಡರು.

ಮಾರ್ಚ್ ೧೦, ಸೋಮವಾರ

ಬರೆಯುವಂಥದ್ದೇನಿಲ್ಲ.

ಮಾರ್ಚ್ ೧೩, ಗುರುವಾರ

ಅತ್ತೆ ಓದುತ್ತಿದ್ದಾರೆ.

ನಂಬಲಿಕ್ಕಾಗಲಿಲ್ಲ. ಬಟ್ಟೆ ಒಣಹಾಕಿ ಒಳಗೆ ಬಂದರೆ ಅಕ್ಕಿ ತಟ್ಟೆ ನೆಲದ ಮೇಲಿದೆ, ಪುಸ್ತಕ ಅತ್ತೆಯ ಮೂಗಿನ ಮುಂದಿದೆ, ಕೈಯಲ್ಲಿ ಭೂತಗನ್ನಡಿ. ನನ್ನನ್ನು ಕಂಡು ತಲೆಯೆತ್ತದೆ, "ಈ ನಾಲ್ಕನೇ ಮಹಡಿ ಮುದುಕಿ ಗಟ್ಟಿಗಿತ್ತಿ ಕಣೇ" ಎಂದರು.

ನಾಲ್ಕನೇ ಮಹಡಿಯಲ್ಲಿ ಒಬ್ಬ ಮುದುಕಿ ಬರುತ್ತಾಳೆ, ನಿಜ. ನೀರು ಬಂದರೂ ಮೇಲೆ ಹೋಗಲು ಒಪ್ಪುವುದಿಲ್ಲ. ಕಿಟಕಿಯಿಂದ ಹಗ್ಗಕ್ಕೆ ಕೊಕ್ಕೆ ಕಟ್ಟಿ ಇಳಿಬಿಟ್ಟು, ಮುಳುಗಿದ ಮನೆಗಳಿಂದ ಬಾಣಲೆ, ಕೊಡೆ, ಗಡಿಯಾರ ಎತ್ತುತ್ತಾ ಕೂರುತ್ತಾಳೆ. ಆದರೆ ಅವಳು ಮುಖ್ಯಳಲ್ಲ. ಮುಖ್ಯಳು ಗೆರೆ ಎಳೆಯುವ ಹುಡುಗಿ. ಇದನ್ನು ವಿವರಿಸಲು ಸ್ಲೇಟು ಹುಡುಕಿ, ಸೀಮೆಸುಣ್ಣ ಹುಡುಕಿ, "ಅತ್ತೆ, ನಿಜವಾದ ನಾಯಕಿ" ಎಂದು ಬರೆಯುವಷ್ಟರಲ್ಲಿ ಅವರು ಮುಂದಿನ ಪುಟಕ್ಕೆ ಹೋಗಿಯಾಗಿತ್ತು. ಆಮೇಲೆ ಅವರೇ ಹೇಳತೊಡಗಿದರು. ಮುದುಕಿ ಬಾಣಲೆ ಎತ್ತಿದಾಗ ಅದು ಯಾರ ಮನೆಯದೆಂದು ಅವಳಿಗೆ ಗೊತ್ತಿರುತ್ತದಂತೆ. ಅದಕ್ಕೇ ಉಜ್ಜಿ ಉಜ್ಜಿ ಇಡುತ್ತಾಳಂತೆ. ಮಾಲೀಕರು ಬಂದು ಕೇಳಿದರೆ ಮುಖ ಉಳಿಯಬೇಕಲ್ಲ.

ನಾನು ಆ ಭಾಗವನ್ನು ಬೇಗ ಬೇಗ ಓದಿ ದಾಟಿದ್ದೆ. ಈಗ ಮತ್ತೊಮ್ಮೆ ನೋಡಬೇಕು, ಪುಸ್ತಕ ಕೈಗೆ ಸಿಕ್ಕರೆ.

ಮಾರ್ಚ್ ೧೬, ಭಾನುವಾರ

ಸಿಗುವುದಿಲ್ಲ. ಅತ್ತೆ ಮಧ್ಯಾಹ್ನ ಮಲಗಿದಾಗ ಇವರು ಎತ್ತಿಕೊಳ್ಳುತ್ತಾರೆ. ಕಾದಂಬರಿಯೆಂದರೆ ಸುಳ್ಳಿನ ಕಂತೆ ಎಂದು ಮೂಗು ಮುರಿಯುತ್ತಿದ್ದ ಮನುಷ್ಯ. ತಪ್ಪು ಹುಡುಕಲು ಓದುತ್ತಿದ್ದೇನೆ ಅಂದರು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು. ಸಂಜೆಯ ಹೊತ್ತಿಗೆ ಸಿಕ್ಕಿತು. ಒಂದು ತಲೆಮಾರಿಗೆ ಒಂದು ಮಹಡಿ ನೀರು ಏರುವುದಾದರೆ, ಎರಡನೇ ಮಹಡಿಯಲ್ಲಿ ಗೆರೆ ಎಳೆದ ಹುಡುಗಿ ಆರನೇ ಮಹಡಿಯಲ್ಲೂ ಎಳೆಯಬೇಕೆಂದರೆ ಅವಳಿಗೆ ನೂರು ವರ್ಷ ದಾಟಿರಬೇಕು. ಪುಟದ ಅಂಚಿನಲ್ಲಿ ಲೆಕ್ಕ ಬಿಡಿಸಿ, ಕೆಳಗೆ ಎರಡು ಗೆರೆ ಎಳೆದು, ವಿಜಯಿಯ ಹಾಗೆ ತಂದು ತೋರಿಸಿದರು.

ಅತ್ತೆ ಕೂತಲ್ಲಿಂದಲೇ ಹೇಳಿದರು. "ಅದು ಅವಳಲ್ಲ ಕಣೋ, ಅವಳ ಮೊಮ್ಮಗಳ ಮೊಮ್ಮಗಳು. ಅಜ್ಜಿ ಹೆಸರೇ ಇಟ್ಟಿದಾರೆ. ನೀನು ನಡುವೆ ಪುಟ ಹಾರಿಸಿದೀಯ."

ಇವರು ಪೆನ್ಸಿಲ್ ಕೆಳಗಿಟ್ಟು ಮೊದಲಿನಿಂದ ಓದಲು ಶುರುಮಾಡಿದ್ದಾರೆ. ನಾನೂ ಅವಳು ಒಬ್ಬಳೇ ಹುಡುಗಿ ಎಂದುಕೊಂಡಿದ್ದೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ, ಸ್ಲೇಟಿನ ಮೇಲೆ ಬರೆಯುವುದಿಲ್ಲ.

ಮಾರ್ಚ್ ೧೮, ಮಂಗಳವಾರ

ನಮ್ಮ ಮನೆಯ ಮೇಲಿನ ಮಹಡಿಯಲ್ಲಿರುವವರಿಗೆ ನಾನಿಟ್ಟ ಹೆಸರು ಪೈಪಣ್ಣ. ದಿನಾ ಬೆಳಿಗ್ಗೆ ಪೈಪು ಹಿಡಿದು ಕಾರು ತೊಳೆಯುತ್ತಾರೆ. ಕಾರು ಎಲ್ಲಿಗೂ ಹೋಗುವುದಿಲ್ಲ, ಆದರೂ ತೊಳೆಯುತ್ತಾರೆ. ಕಾರು ತೊಳೆದ ನೀರು ನಮ್ಮ ಬಾಗಿಲಿಗೆ ಬರುತ್ತದೆ. ಈ ವಿಷಯದಲ್ಲಿ ನಾನು ಅವರಿಗೆ ಮಾಡಿದ ಭಾಷಣಗಳನ್ನು ಕಟ್ಟಿದರೆ ಒಂದು ಪುಸ್ತಕವಾಗುತ್ತದೆ. ಒಂದು ಹನಿ ಉಳಿದದ್ದಿಲ್ಲ.

ಇವತ್ತು ಅತ್ತೆ ಕಿಟಕಿಯಿಂದ ಕೈಮಾಡಿ ಕರೆದು ಹೇಳಿದರು. "ಈ ಕಥೇಲಿ ನಿನ್ನಂಥವನೊಬ್ಬ ಬರ್ತಾನಪ್ಪ."

ಅಷ್ಟೇ. ಒಳ್ಳೆಯವನೋ ಕೆಟ್ಟವನೋ ಏನೂ ಹೇಳಲಿಲ್ಲ. ಪೈಪಣ್ಣ ನಲ್ಲಿ ನಿಲ್ಲಿಸಿ ಬಂದು ಪುಸ್ತಕ ಕೇಳಿದರು. ಪುಸ್ತಕ ಮನೆ ಬಿಟ್ಟು ಹೋಗಕೂಡದು ಎಂದು ಅತ್ತೆ. ಹಾಗಾಗಿ ಆ ಮನುಷ್ಯ ನಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು, ಕಾರು ತೊಳೆಯುವ ಹೊತ್ತನ್ನೆಲ್ಲ ತನ್ನಂಥವನನ್ನು ಹುಡುಕುತ್ತಾ ಕಳೆದರು. ಎದ್ದುಹೋಗುವಾಗ ಮುಖ ಗಂಭೀರವಾಗಿತ್ತು. ಉಪದೇಶ ತಟ್ಟಿತು ಎಂದುಕೊಂಡೆ. ಅವರು ನನ್ನ ಕಡೆ ಕರುಣೆಯಿಂದ ನೋಡಿ, "ನಾವು ಮೇಲಿದೀವಿ, ಪರವಾಗಿಲ್ಲ. ನೀವು ಕೆಳಗಿನವರು ಏನಾದ್ರೂ ಯೋಚನೆ ಮಾಡಿದೀರಾ?" ಎಂದರು.

ಉತ್ತರ ಕೊಡಲಾಗದೆ ನಾನು ಒದ್ದಾಡಿದ್ದು ದೇವರಿಗೇ ಗೊತ್ತು. ಆದರೆ ನಾಳೆಯೂ ಬರುತ್ತಾರಂತೆ, ಇನ್ನೂ ಸಿಕ್ಕಿಲ್ಲವಂತೆ ಅವರಂಥವನು. ಬಾಗಿಲು ಒಣಗಿದೆ.

ಮಾರ್ಚ್ ೨೦, ಗುರುವಾರ

ಇವತ್ತು ಮಧ್ಯಾಹ್ನ ಇವರು ಬ್ಯಾಂಕಿಗೆ ಹೋಗಿದ್ದರು. ನಾನು ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಪುಸ್ತಕ ಅವರ ಮಡಿಲಲ್ಲಿತ್ತು. ಮುಚ್ಚಿ, ಅದರ ಮೇಲೆ ಕೈಯಿಟ್ಟು, "ನನಗೂ ಅಂಥದ್ದೊಂದು ಕೊಕ್ಕೆ ಬೇಕಿತ್ತು" ಎಂದರು. ನಾನು ತಲೆಯೆತ್ತಿ ನೋಡಿದೆ. ಸ್ಲೇಟು ಒಳಗಿತ್ತು, ಕೈಯೆಲ್ಲ ಎಣ್ಣೆ. ಏನೂ ಕೇಳಲಾಗಲಿಲ್ಲ. ಅವರು ಹೇಳುತ್ತಾ ಹೋದರು.

ಅತ್ತೆ ಹುಟ್ಟಿದ ಊರು ನೀರಿನಡಿಯಲ್ಲಿದೆ. ನನಗೆ ಗೊತ್ತೇ ಇರಲಿಲ್ಲ. ತವರು "ಈಗಿಲ್ಲ" ಎನ್ನುತ್ತಿದ್ದರು. ಜನ ಇಲ್ಲವೆಂದು ತಿಳಿದಿದ್ದೆ, ಊರೇ ಇಲ್ಲ. ಅವರು ಎರಡು ಜಡೆ ಹಾಕಿಕೊಳ್ಳುತ್ತಿದ್ದ ವಯಸ್ಸಿನಲ್ಲಿ ಕೆಳಗೆ ಹೊಳೆಗೆ ಅಣೆಕಟ್ಟು ಬಂತು. ಅಳತೆಯವರು ಬಂದು ಗುಡ್ಡದ ಬಂಡೆಗಳ ಮೇಲೆ ಬಿಳಿ ಬಣ್ಣದಲ್ಲಿ ಗೆರೆ ಎಳೆದು, ನೀರು ಇಲ್ಲಿವರೆಗೆ ಬರುತ್ತದೆ ಎಂದರು. ಗೆರೆ ಊರಿನ ಎಲ್ಲ ಮನೆಗಳ ತಲೆಗಿಂತ ಎಷ್ಟೋ ಮೇಲಿತ್ತು. ಹಿರಿಯರು ಶಾಲೆಯ ಜಗಲಿಯಲ್ಲಿ ಸೇರಿ, ಅಷ್ಟು ನೀರು ಹೊಳೆಯಲ್ಲಿ ಎಲ್ಲಿದೆ ಎಂದು ನಕ್ಕು, ಎದ್ದುಹೋದರಂತೆ. ಆಮೇಲೆ ಲಾರಿಗಳು ಬಂದವು. ಬೀದಿಯ ಈ ಸಾಲಿನವರು ಒಂದು ಕಡೆಗೆ, ಎದುರು ಸಾಲಿನವರು ಇನ್ನೊಂದು ಕಡೆಗೆ.

ಎದುರು ಸಾಲಿನಲ್ಲಿ ಅತ್ತೆಯ ಗೆಳತಿ ಇದ್ದಳು. ಗೆಳತಿ ಎಂದರೆ, ಆ ಹೊತ್ತಿಗೆ ಮಾತು ಬಿಟ್ಟಿದ್ದರು. ಕಾರಣ ಬೆಕ್ಕು. ಬೆಕ್ಕು ಎದುರುಮನೆಯದು, ಆದರೆ ಮಲಗುವುದು, ಮರಿ ಹಾಕುವುದು ಅತ್ತೆಯ ಮನೆಯ ಅಟ್ಟದಲ್ಲಿ. ಹಾಲು ಹಾಕಿದವಳು ನಾನು ಎಂದು ಅವಳು, ಜಾಗ ಕೊಟ್ಟವಳು ನಾನು ಎಂದು ಅತ್ತೆ. ಲಾರಿ ಹೊರಡುವ ದಿನ ಅತ್ತೆ ಅಟ್ಟ ಹತ್ತಿ ನೋಡಿದರೆ ಬೆಕ್ಕಿಲ್ಲ. ಎದುರು ಲಾರಿಯಲ್ಲಿ ಅವಳು ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು, ಮೇಲೆ ಬಟ್ಟೆ ಮುಚ್ಚಿ ಕೂತಿದ್ದಳು. ಕದ್ದೊಯ್ದಳು ಎಂದು ಅತ್ತೆಗೆ ಖಾತ್ರಿಯಾಯಿತು. ಮುಖ ತಿರುಗಿಸಿಕೊಂಡು ಕೂತರು. ಲಾರಿಗಳು ಎರಡು ದಿಕ್ಕಿಗೆ ಹೋದವು.

"ಮನೆ ಹೋಯ್ತು, ಹೋಗ್ಲಿ. ಆ ಜಗಳ ಹಾಗೇ ನೀರಲ್ಲಿದೆ. ಅದನ್ನ ಎತ್ತೋಕಾಗ್ಲಿಲ್ಲ" ಎಂದರು.

ಎದುರು ಸಾಲಿನವರು ಹೋದದ್ದು ಪುನರ್ವಸತಿ ಕಾಲೊನಿಗಂತೆ. ನನ್ನ ಕೈ ನಿಂತಿತು. ಆ ಕಾಲೊನಿಯ ಬಸ್ಸು ನಮ್ಮ ನಿಲ್ದಾಣದಿಂದಲೇ ಹೊರಡುತ್ತದೆ, ನಾಲ್ಕನೇ ಪ್ಲಾಟ್‌ಫಾರಂ. ಆ ಹೆಸರನ್ನು ನಾನು ದಿನಕ್ಕೆ ಎಷ್ಟು ಸಲ ಹೇಳಿದ್ದೇನೋ. ನಾಲಿಗೆ ತೊಡರುವ ಹೆಸರೆಂದು ಮನೆಯಲ್ಲಿ ಊಟಕ್ಕೆ ಕೂತಾಗಲೂ ಹೇಳಿ ತೋರಿಸಿ ನಗಿಸುತ್ತಿದ್ದೆ. ಅತ್ತೆಗೆ ನನ್ನ ಮುಖ ಅರ್ಥವಾಯಿತೆಂದು ಕಾಣುತ್ತದೆ. "ಹೂಂ, ನೀನು ಹೇಳ್ತಿದ್ದೆ. ಆ ಬಸ್ಸು ಎಷ್ಟು ಹೊತ್ತಿಗೆ, ಎಷ್ಟು ದೂರ ಅಂತ ಕೇಳೋಣ ಅನ್ಕೊಳ್ತಿದ್ದೆ. ನಿನ್ನ ಮಾತು ಮುಗಿಯೋದ್ರೊಳಗೆ ನನ್ನ ಊಟ ಮುಗೀತಿತ್ತು."

ಅಷ್ಟೊಂದು ಮಾತಾಡುತ್ತಿದ್ದೆನೇ? ಅತ್ತೆ ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳುತ್ತಾರೆ.

ಇನ್ನೊಂದು ಕಾಲಿಗೂ ಎಣ್ಣೆ ತಿಕ್ಕಿದೆ. ಆಮೇಲೆ ಮೊದಲನೆಯದಕ್ಕೆ ಮತ್ತೊಮ್ಮೆ. ಅವರು ಅಟ್ಟ ಎಷ್ಟು ಕತ್ತಲೆಯಿತ್ತು, ಮರಿಗಳು ಯಾವ ಯಾವ ಬಣ್ಣ ಎಂದು ಹೇಳುತ್ತಲೇ ಇದ್ದರು.

ಮಾರ್ಚ್ ೨೪, ಸೋಮವಾರ

ಡಾಕ್ಟರಮ್ಮ ಗಂಟಲಿಗೆ ಕನ್ನಡಿ ಇಳಿಸಿ ನೋಡಿ, ಗಾಯ ಆರಿದೆ, ದಿನಕ್ಕೆ ಸ್ವಲ್ಪ ಸ್ವಲ್ಪ ಮಾತಾಡಬಹುದು ಎಂದರು. "ಏನಾದ್ರೂ ಹೇಳಿ, ಕೇಳೋಣ." ಈ ಗಳಿಗೆಗಾಗಿ ನಾನು ಎಷ್ಟು ಮಾತು ಕೂಡಿಟ್ಟಿದ್ದೆ. ಐದು ಮಹಡಿ ಕಾಯುತ್ತಿದ್ದವು. ಆದರೆ ಅವರ ಮೇಜಿನ ಮೇಲೆ ಒಂದು ದಪ್ಪ ಪುಸ್ತಕ ಕಂಡಿತು, ನಡುವೆ ಔಷಧಿ ಚೀಟಿ ಸಿಕ್ಕಿಸಿತ್ತು. ಬಾಯಿಗೆ ಬಂದದ್ದು, "ಓದೋಕೆ ನಿಮಗೆ ಪುರಸೊತ್ತು ಸಿಗುತ್ತಾ?" ಧ್ವನಿ ಒಂದು ಮೆಟ್ಟಿಲು ಕೆಳಗಿಳಿದಿದೆ. ಬೇರೆ ಯಾರೋ ಮಾತಾಡಿದ ಹಾಗಾಯಿತು.

ಡಾಕ್ಟರಮ್ಮ ಕುರ್ಚಿಗೆ ಒರಗಿದರು. ಚಿಕ್ಕವರಿದ್ದಾಗ ಅವರಪ್ಪ ಓದಿಹೇಳುತ್ತಿದ್ದದ್ದು, ಅಪ್ಪ ಹೋದಮೇಲೆ ಆ ಪುಸ್ತಕಗಳನ್ನು ಅಟ್ಟದಲ್ಲಿಟ್ಟದ್ದು, ಇದೊಂದನ್ನು ಒಂದು ವರ್ಷದಿಂದ ಓದುತ್ತಿರುವುದು, ಪ್ರತಿಸಲವೂ ಮೊದಲ ಪುಟದಿಂದ ಶುರುಮಾಡಬೇಕಾಗುವುದು, ಎಲ್ಲ ಹೇಳಿದರು. ಹೊರಗೆ ಕಾಯುತ್ತಿದ್ದವರು ಎರಡು ಸಲ ಬಾಗಿಲು ತಟ್ಟಿದರು. ನಮ್ಮ ಕಾದಂಬರಿಯ ಸುದ್ದಿ ತೆಗೆಯಲು ನನಗೆ ಸಂದೇ ಸಿಗಲಿಲ್ಲ. ಬಹಳ ಮಾತು ಆಕೆಯದು.

ಮನೆಗೆ ಬಂದು ಅತ್ತೆಯನ್ನು "ಅತ್ತೆ" ಎಂದು ಕರೆದೆ. ಅವರು ಭೂತಗನ್ನಡಿಯಿಂದ ನನ್ನನ್ನೇ ನೋಡಿ, "ಬಂತಲ್ಲಮ್ಮ" ಎಂದರು. ಇವರು ಪಾಠದ ಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಒಳಗೆ ಹೋದರು. ಒಂದು ಗಳಿಗೆಯ ನಂತರ ಒಳಗಿನಿಂದ ಮಕ್ಕಳಿಗೆ ಲೆಕ್ಕ ಕೊಡುವುದು ಕೇಳಿಸಿತು. ಏಳು ಮಹಡಿಯ ಒಂದು ಕಟ್ಟಡವಿದೆ, ಕಡಲು ವರ್ಷಕ್ಕೆ ಇಷ್ಟು ಏರುತ್ತದೆ. ಇವರ ಧ್ವನಿಯೂ ಯಾಕೋ ಒಂದು ಮೆಟ್ಟಿಲು ಕೆಳಗಿಳಿದಿತ್ತು.

ಮಾರ್ಚ್ ೨೭, ಗುರುವಾರ

ವಿಚಾರಣೆ ಕಿಟಕಿಯಲ್ಲಿ ಮೊದಲ ದಿನ. ನಾನೇನೂ ಆ ಕೆಲಸಕ್ಕೆ ಒಪ್ಪಿದ್ದೇನೆಂದು ಅರ್ಥವಲ್ಲ, ನೋಡೋಣ ಎಂದು ಕೂತಿದ್ದೇನೆ. ಕಿಟಕಿಗೆ ಅರ್ಧಚಂದ್ರದ ತೂತು. ಜನ ಅದರಲ್ಲಿ ಮುಖವಿಟ್ಟು ಕೇಳುತ್ತಾರೆ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವವರಿಗೆ ಸಾಮಾನ್ಯವಾಗಿ ಬೇಕಾದದ್ದು ಬೇರೆ ಏನೋ. ಒಬ್ಬಾಕೆ ಮಗಳ ಊರಿಗೆ ಕೊನೆಯ ಬಸ್ಸು ಯಾವುದೆಂದು ಕೇಳಿ, ಸಮಯ ಹೇಳಿದರೂ ಹೋಗಲಿಲ್ಲ. ಹೋಗಬೇಕೋ ಬೇಡವೋ ಎಂಬುದೇ ಆಕೆಗೆ ತೀರ್ಮಾನವಾಗಿರಲಿಲ್ಲ. ಹಿಂದಿನವರು ಗೊಣಗುತ್ತಿದ್ದರು. ಕಡೆಗೆ ಆಕೆ ಹೋಗುವುದೆಂದೇ ಹೊರಟರು.

ಮಧ್ಯಾಹ್ನ ಕಾಲೊನಿ ಬಸ್ಸಿನ ಕಂಡಕ್ಟರನನ್ನು ಕರೆದು ಕೇಳಿದೆ. ಹಳೇ ಮುಳುಗಡೆ ಊರಿನವರು, ಅತ್ತೆಯ ವಯಸ್ಸಿನವರು ಯಾರಾದರೂ ಇದ್ದಾರೆಯೇ ಎಂದು. ಇದ್ದಾರೆ ಅಂದ. ಬಸ್ಸು ನಿಲ್ಲುವ ಜಾಗದ ಎದುರಿನ ಮನೆಯ ಅಜ್ಜಿ. ಬಸ್ಸು ತಡವಾದ ದಿನ ಜಗಲಿಯಿಂದಲೇ ಇವನಿಗೆ ಸಹಸ್ರನಾಮ. "ಮನೆ ತುಂಬಾ ಬೆಕ್ಕು ಮೇಡಂ, ಎಣಿಸೋಕಾಗಲ್ಲ" ಎಂದ.

ಇದನ್ನು ಅತ್ತೆಗೆ ಹೇಳಿದೆ. ಅತ್ತೆ ಎದ್ದುನಿಂತರು. ಅವರು ಕೈಯೂರದೆ ಎದ್ದದ್ದನ್ನು ನಾನು ಈಚೆಗೆ ನೋಡಿರಲಿಲ್ಲ.

"ನಮ್ಮ ಬೆಕ್ಕಿನ ವಂಶ. ಭಾನುವಾರ ಹೋಗೋಣ" ಎಂದರು.

ಮಾರ್ಚ್ ೩೦, ಭಾನುವಾರ

ಹೋಗಿಬಂದೆವು. ಕೈ ಸೋತರೂ ಬರೆಯುತ್ತೇನೆ.

ಅತ್ತೆ ಒಳ್ಳೆಯ ಸೀರೆ ಉಟ್ಟು, ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಹೊರಟರು. ಇನ್ನೂ ಒಂದು ಅಧ್ಯಾಯ ಬಾಕಿಯಿತ್ತು, ಬಸ್ಸಿನಲ್ಲಿ ಮುಗಿಸಿದರು. ಪೈಪಣ್ಣ ಮೆಟ್ಟಿಲ ಮೇಲೆ ಕೂತಿದ್ದವರು ಪುಸ್ತಕ ಹೊರಟದ್ದು ನೋಡಿ ಕಂಗಾಲಾದರು. ಅವರಿಗೆ ಇನ್ನೂ ಮೂರು ಮಹಡಿ ಉಳಿದಿದೆ. ಇವರು ಬಸ್ ಹತ್ತಿಸಲು ಬಂದು, ಅತ್ತೆಗೆ ಕಾಣದಂತೆ ನನ್ನ ಕೈಗೊಂದು ಚೀಟಿ ಕೊಟ್ಟರು. "ಅಮ್ಮ ಅತ್ತರೆ ತಕ್ಷಣ ಫೋನ್ ಮಾಡು" ಎಂದು ಬರೆದಿತ್ತು. ಬಾಯಲ್ಲೇ ಹೇಳಬಹುದಿತ್ತು. ಈ ಮನೆಯಲ್ಲಿ ಎಲ್ಲರಿಗೂ ಬರೆದು ತಿಳಿಸುವುದೇ ಅಭ್ಯಾಸವಾಗಿದೆ.

ಕಾಲೊನಿ ಎಂದರೆ ಒಂದೇ ಅಳತೆಯ ಮನೆಗಳ ಸಾಲು. ಬಸ್ಸು ನಿಂತ ಎದುರಿಗೇ ಆ ಮನೆ. ಜಗಲಿಯಲ್ಲಿ ಸಣ್ಣಗೆ, ನೆಟ್ಟಗೆ ಒಬ್ಬರು ಕೂತಿದ್ದರು. ಸುತ್ತ ಬೆಕ್ಕುಗಳು, ಕಟ್ಟೆ ಮೇಲೆ, ಮಡಿಲಲ್ಲಿ, ಒಣಹಾಕಿದ ಚಾಪೆಯ ಮೇಲೆ. ಅತ್ತೆ ಗೇಟಿನ ಹತ್ತಿರ ನಿಂತರು. ಆಕೆ ಕಣ್ಣು ಕಿರಿದು ಮಾಡಿ ನೋಡಿದರು. ನಾನು ಪರಿಚಯ ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಆಕೆಯೇ ಅಂದರು, "ಬೆಕ್ಕು ತಂದಿದೀಯಾ?"

"ಯಾವ ಬೆಕ್ಕು? ನೀನು ಹೊತ್ಕೊಂಡು ಹೋದದ್ದು" ಎಂದರು ಅತ್ತೆ.

"ನಾನಾ? ನಿಮ್ಮ ಅಟ್ಟದಲ್ಲಿತ್ತು. ನೀನು ಒಯ್ದೆ."

"ಬುಟ್ಟಿ ಇತ್ತಲ್ಲ ನಿನ್ನ ಮಡಿಲಲ್ಲಿ."

"ಬುಟ್ಟೀಲಿ ಮೊಟ್ಟೆ ಇದ್ದವು. ಒಡೆದು ಹೋಗ್ತವೆ ಅಂತ ಮಡಿಲಲ್ಲಿ ಇಟ್ಕೊಂಡಿದ್ದೆ."

ಬಸ್ಸು ತಿರುಗಿಸಿಕೊಂಡು ಹೋದ ಸದ್ದು ಪೂರ್ತಿ ಅಡಗುವವರೆಗೂ ಕೇಳಿಸಿತು. ಅತ್ತೆ ಗೇಟಿನ ಸರಳು ಹಿಡಿದುಕೊಂಡಿದ್ದರು. ಎದುರಿನವರ ಕೈ ಮಡಿಲ ಬೆಕ್ಕಿನ ಬೆನ್ನ ಮೇಲೆ ನಿಂತುಬಿಟ್ಟಿತ್ತು. ಬೆಕ್ಕು ಯಾರ ಲಾರಿಯಲ್ಲೂ ಇರಲಿಲ್ಲ. ಇಷ್ಟು ಕಾಲ ಇಬ್ಬರೂ ಅದು ಇನ್ನೊಬ್ಬಳ ಹತ್ತಿರ ಹಾಲು ಕುಡಿದುಕೊಂಡು ಸುಖವಾಗಿದೆ ಎಂದು ಸಿಟ್ಟುಮಾಡಿಕೊಂಡಿದ್ದರು.

ಚೀಟಿ ನೆನಪಾಗಿ ಫೋನಿಗೆ ಕೈಹಾಕಿದೆ. ಆದರೆ ಅತ್ತೆ ಅಳಲಿಲ್ಲ. ಗೇಟು ತೆಗೆದು, ಮೆಟ್ಟಿಲು ಹತ್ತಿ, ಚಾಪೆಯ ಮೇಲಿನ ಒಂದು ಬೆಕ್ಕನ್ನು ಸರಿಸಿ ಕೂತರು. ಎದುರಿನವರು ಹೇಳಿದರು, "ಬೆಕ್ಕು ಈಜುತ್ತೆ."

"ಈಜಲ್ಲ" ಎಂದರು ಅತ್ತೆ.

"ಈಜದಿದ್ರೆ ಬೇಡ. ಗುಡ್ಡ ಹತ್ತಿರುತ್ತೆ."

ಅತ್ತೆ ಯೋಚಿಸಿದರು. ಗುಡ್ಡದ ಮೇಲೆ ಇಲಿಗಳಿಗೆ ಬರವಿರಲಿಲ್ಲ ಎಂದರು. ಬಿಳಿ ಗೆರೆ ಎಳೆದ ಬಂಡೆಯ ಪಕ್ಕ ಒಂದು ಪೊಟರೆಯಿತ್ತು, ಮಳೆಗೆ ನೆನೆಯುವುದಿಲ್ಲ ಎಂದು ಆಕೆ. ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಗಿರಬೇಕು, ಅದಕ್ಕೇ ಅಟ್ಟ ಖಾಲಿಯಿತ್ತು ಎಂದು ಅತ್ತೆ. ಹೀಗೆ ಬೆಕ್ಕು ಗುಡ್ಡ ಹತ್ತಿತೆಂದೂ, ಅಲ್ಲೇ ಬಹುಕಾಲ ಬಾಳಿತೆಂದೂ ಸರ್ವಾನುಮತದಿಂದ ತೀರ್ಮಾನವಾಯಿತು. ನನ್ನ ಅಭಿಪ್ರಾಯ ಯಾರೂ ಕೇಳಲಿಲ್ಲ.

ಊಟ ಅಲ್ಲೇ ಆಯಿತು. ಊಟದ ನಂತರ ಮತ್ತೆ ಜಗಳವಾಯಿತು, ಈ ಸಲ ಬೆಕ್ಕಿನ ಬಾಲದ ತುದಿ ಬಿಳುಪೋ ಕಪ್ಪೋ ಎಂದು. ಹೊರಡುವ ಹೊತ್ತಿಗೆ ಅತ್ತೆ ಚೀಲದಿಂದ ಪುಸ್ತಕ ತೆಗೆದು ಆಕೆಯ ಮುಂದಿಟ್ಟರು.

"ಏನಿದೆ ಇದ್ರಲ್ಲಿ?" ಎಂದು ಆಕೆ ಕೇಳಿದರು.

ಇಷ್ಟು ದಿನದಿಂದ ನಾನು ಕಾಯುತ್ತಿದ್ದ ಪ್ರಶ್ನೆ. ಧ್ವನಿಯೂ ಇತ್ತು. ಆದರೆ ಕೇಳಿದ್ದು ಅತ್ತೆಯನ್ನು.

ಅತ್ತೆ ಪುಸ್ತಕದ ಮೇಲೆ ಕೈಯಿಟ್ಟು, "ನಮ್ಮ ಕಥೇನೇ. ಬೆಕ್ಕೊಂದಿಲ್ಲ" ಎಂದರು. ಅಷ್ಟಕ್ಕೇ ನಿಲ್ಲಿಸದೆ, "ಒಂದು ಕಟ್ಟಡ ಇದೆ, ಅದರ ನಾಲ್ಕನೇ ಮಹಡೀಲಿ ಒಬ್ಬಳು..." ಎಂದು ಶುರುಮಾಡಿದರು.

ಆಕೆ ಅಂಗೈ ಎತ್ತಿ ತಡೆದರು. "ಹೇಳ್ಬೇಡ. ಓದ್ತೀನಿ."

ಅತ್ತೆ ನನ್ನ ಕಡೆ ನೋಡಿದರು, ಏನು ಮಾಡೋದು ಎಂಬಂತೆ. ಆಕೆ ಕನ್ನಡಕ ತರಿಸಿಕೊಂಡು, ಮಡಿಲ ಬೆಕ್ಕಿನ ಬೆನ್ನಿಗೇ ಪುಸ್ತಕ ಒರಗಿಸಿ, ಮೊದಲ ಪುಟ ತೆರೆದರು. ತುಟಿ ಅಲುಗಿಸುತ್ತಾ ಓದುವುದು ಆಕೆಯ ಕ್ರಮ. ನಾವಿಬ್ಬರೂ ಜಗಲಿಯ ಕಂಬಕ್ಕೆ ಒರಗಿ ಆ ತುಟಿಗಳನ್ನೇ ನೋಡುತ್ತಾ ಕೂತೆವು. ಎಲ್ಲಿಗೆ ಬಂದರು ಎಂದು ಅತ್ತೆ ನನ್ನ ಕಿವಿಯಲ್ಲಿ ಕೇಳಿದರು. ನೀರು ಇನ್ನೂ ಹೊಸ್ತಿಲು ದಾಟಿಲ್ಲ ಅಂದೆ.

ಬಸ್ಸು ತಡವಾಗಿ ಬಂತು, ಹಾರ್ನ್ ಹಾಕಿತು. ಅತ್ತೆ ಏಳಲಿಲ್ಲ. ಕಂಡಕ್ಟರ್ ಇಳಿದು ಬಂದು, ಇಲ್ಲಿಂದ ಕೊನೆಯ ಬಸ್ಸು ಇನ್ನೊಂದಿದೆ ಮೇಡಂ, ಅದಕ್ಕೆ ಬನ್ನಿ ಎಂದ. ಇವತ್ತು ಅಜ್ಜಿ ಬೈಯಲಿಲ್ಲ ಯಾಕೆ ಎಂದೂ ಕೇಳಿದ. ನಾನು ತುಟಿಯ ಮೇಲೆ ಬೆರಳಿಟ್ಟು ಅವನನ್ನು ಸುಮ್ಮನಿರಿಸಿದೆ.